ಮೋರಿ ಕೊಚ್ಚುವ ಮಳೆ, ಗುಡ್ಡ ಜಾರಿಸುವ ಮಳೆ

ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ 64.5 ಮಿ.ಮೀ. ಮಳೆ ಸುರಿದರೆ ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ‘ಭಾರಿ’. 115.6ಕ್ಕೆ ಏರಿದರೆ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಈ ಗೆರೆ ವಿಜಯಪುರಕ್ಕೂ ಒಂದೇ, ಆಗುಂಬೆಗೂ ಒಂದೇ. ಬಯಲುಸೀಮೆಯಲ್ಲಿ ಒಂದೇ ದಿನ ನೂರು ಮಿ.ಮೀ. ಬಿದ್ದರೆ ಕೆರೆ ಏರಿಗಳಿಗೆ ಅಪಾಯ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರುವ ಆಗುಂಬೆಯಲ್ಲಿ ಆಷಾಢದ ಅಂಥ ದಿನವನ್ನು ಯಾರೂ ನೆನಪಿಡುವುದಿಲ್ಲ. ಎಚ್ಚರಿಕೆ ಬಿತ್ತರಿಸಲು ಈ ಗೆರೆ ಸಾಕು, ಮೋರಿ ಕಟ್ಟಲು ಸಾಲದು.

ಸ್ಥಿರ ಗೆರೆಗಳು ನಿರುಪಯೋಗಿಯೆಂದಲ್ಲ. 1951ರಿಂದ 2000ದವರೆಗೆ ಮಧ್ಯ ಭಾರತದಲ್ಲಿ ದಿನಕ್ಕೆ 100 ಮಿ.ಮೀ. ದಾಟುವ ಮಳೆಗಳು ಹೆಚ್ಚಿವೆ, ಸಾಧಾರಣ ಮಳೆಗಳು ಕುಗ್ಗಿವೆ ಎಂದು ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದು ಇಂಥ ಗೆರೆಯಿಂದಲೇ. ಒಟ್ಟು ಮಳೆ ಹೆಚ್ಚೇನೂ ಬದಲಾಗಿರಲಿಲ್ಲವಾದ್ದರಿಂದ ಸರಾಸರಿಯಲ್ಲಿ ಈ ಸಂಗತಿ ಅಡಗಿಕೊಂಡಿತ್ತು. ಆದರೆ ಘಟ್ಟದ ಊರುಗಳಿಗೆ ಆಯಾ ಊರಿನ ದಾಖಲೆಯೇ ಅಳತೆಗೋಲಾಗಬೇಕು: ಮಳೆ ಬಂದ ನೂರು ದಿನಗಳಲ್ಲಿ ಅತಿ ಹೆಚ್ಚು ಸುರಿದ ಐದು ದಿನಗಳು ಯಾವುವು, ಅವು ಬದಲಾಗುತ್ತಿವೆಯೇ ಎಂದು ನೋಡಬೇಕು.

ಅದಕ್ಕಿಂತ ಮುಖ್ಯವಾದುದು ಅವಧಿ. ಸಣ್ಣ ಹಳ್ಳಕ್ಕೆ ಗುಡ್ಡದ ನೀರು ಗಂಟೆಯೊಳಗೆ ಬಂದು ಸೇರುತ್ತದೆ. ದಿನವಿಡೀ ಹನಿಯುವ 100 ಮಿ.ಮೀ.ಯನ್ನು ಸಾಗಿಸುವ ಮೋರಿ, ಅಷ್ಟೇ ಮಳೆ ಎರಡು ಗಂಟೆಯಲ್ಲಿ ಸುರಿದರೆ ಕೊಚ್ಚಿಹೋಗಬಹುದು. ಗುಡ್ಡದ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ಹಲವು ದಿನ ನೆನೆದ ಮಣ್ಣಿನ ಮೇಲೆ ಬೀಳುವ ಮಳೆಯೇ ಅಪಾಯಕಾರಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಗುಡ್ಡಗಳು ಜಾರಿದ್ದು ಜೂನ್‌ನಿಂದ ನೀರು ಕುಡಿದಿದ್ದ ನೆಲದಲ್ಲಿ, ಅದೂ ರಸ್ತೆ, ಮನೆಗಳಿಗಾಗಿ ಧರೆ ಕಡಿದ ಇಳಿಜಾರುಗಳಲ್ಲಿ. ಒಂದು ದಿನದ ಅಂಕಿಯಲ್ಲಿ ಆ ಕತೆ ಇಲ್ಲ.

‘ನೂರು ವರ್ಷಕ್ಕೊಮ್ಮೆಯ ಮಳೆ’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ಅದರರ್ಥ ಪ್ರತಿ ವರ್ಷವೂ ಶೇಕಡಾ ಒಂದರಷ್ಟು ಸಂಭವ ಎಂದು. ಐವತ್ತು ವರ್ಷ ಬಾಳಬೇಕಾದ ಸೇತುವೆ ಅಂಥ ಮಳೆಯನ್ನು ಒಮ್ಮೆಯಾದರೂ ಎದುರಿಸುವ ಸಂಭವ ಸುಮಾರು ಶೇಕಡಾ 39. ಇಪ್ಪತ್ತೈದು ವರ್ಷಕ್ಕೊಮ್ಮೆಯ ಮಳೆಗೆ ಕಟ್ಟಿದ ಮೋರಿಗೆ ಅಷ್ಟೇ ವರ್ಷಗಳಲ್ಲಿ ಶೇಕಡಾ 64. ಹಳೆಯ ದಾಖಲೆಗಳಿಂದ ತೆಗೆದ ಮಳೆ ಮುಂದೆ ಹೆಚ್ಚಿದರೆ ಈ ಲೆಕ್ಕವೂ ಕೈಕೊಡುತ್ತದೆ.

ಆದ್ದರಿಂದ ಘಟ್ಟದ ಪ್ರತಿ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಎಷ್ಟು ಮಳೆ, ಎಷ್ಟು ಗಂಟೆಯದು, ಯಾವ ವರ್ಷಗಳ ದಾಖಲೆ ಎಂಬ ಮೂರು ವಿವರಗಳಿರಬೇಕು. ಗ್ರಾಮಸಭೆ ಇದನ್ನು ಕೇಳಲಿ. ಗಂಟೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗಳಲ್ಲಿ ಅಳವಡಿಸಿದ, 15 ನಿಮಿಷಕ್ಕೊಮ್ಮೆ ದಾಖಲಿಸುವ ಮಳೆಮಾಪಕಗಳಿವೆ. ದಿನಗಳ ಲೆಕ್ಕಕ್ಕೆ ಕಾಫಿ, ಅಡಿಕೆ ಬೆಳೆಗಾರರ ಮನೆಗಳಲ್ಲಿ ಹಳೆಯ ಮಳೆ ಪುಸ್ತಕಗಳಿವೆ. ಅವುಗಳಿಂದ ಮೂರು ದಿನ, ಐದು ದಿನಗಳ ಮೊತ್ತ ತೆಗೆಯುವುದು ಕಾಲೇಜು ವಿದ್ಯಾರ್ಥಿಗಳು ಒಂದು ಬೇಸಗೆ ರಜೆಯಲ್ಲಿ ಮುಗಿಸಬಹುದಾದ ಕೆಲಸ.