ಕಾರಿನ ಹೊರಗು ಮತ್ತು ಒಳಗು

ಮಹಾನವಮಿಯ ದಿನ ಕುಂದಗೋಳದ ಯಾವ ಓಣಿಗೆ ಹೋದರೂ ಒಂದೇ ನೋಟ. ಕಾರು, ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು ಎಲ್ಲವೂ ಮೈ ತೊಳೆದುಕೊಂಡು, ಚೆಂಡುಹೂವಿನ ಮಾಲೆ ಧರಿಸಿ ನಿಂತಿರುತ್ತವೆ. ಬನ್ನಿ ಕೊಟ್ಟು ಎಂಟು ದಿನಗಳಾದ ಮೇಲೆ ಅವೇ ಕಾರುಗಳನ್ನು ನೋಡಿರಿ! ಬಾಡಿದ ಮಾಲೆ ಇನ್ನೂ ತೂಗುತ್ತಿರುತ್ತದೆ, ಮೈಮೇಲೆ ಧೂಳು, ಒಳಗೆ ಶೇಂಗಾ ಸಿಪ್ಪೆ, ಹಳೆಯ ಚೀಟಿ, ಖಾಲಿ ಬಾಟಲಿ. ವರ್ಷಕ್ಕೊಮ್ಮೆ ಪೂಜಿಸಿದ್ದನ್ನು ಉಳಿದ ದಿನ ಸಾಮಾನಿನ ಕೋಣೆ ಮಾಡಿಕೊಳ್ಳುವ ಈ ಪದ್ಧತಿಯ ಬಗ್ಗೆ ಎರಡು ಮಾತು ಹೇಳಬೇಕೆನಿಸಿದೆ.

ಕಾರಿನ ಶುಚಿತ್ವವು ಶ್ರೀಮಂತರ ಶೋಕಿ ಎಂದು ಕೆಲವರು ನಗಬಹುದು. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮ ಮನೆಗೆ ಕಾರು ಬಂದದ್ದು ಅಂತಸ್ತಿಗಾಗಿ ಅಲ್ಲ, ಬಾಡಿಗೆಗಾಗಿ. ನನ್ನ ಕಾಲೇಜಿನ ಫೀ ಅದರ ಗಾಲಿಗಳಿಂದಲೇ ಹುಟ್ಟಿದೆ. ಅದನ್ನು ತೊಳೆದು ಒಪ್ಪವಾಗಿಡುವ ಕೆಲಸ ನನ್ನದು. ಬಿ.ಎ. ಓದುವವನು ಕಾರು ತೊಳೆಯುವುದನ್ನು ಗೆಳೆಯರು ಕಂಡಾರೆಂಬ ನಾಚಿಕೆಯಿಂದ ನಾನು ಆ ಕೆಲಸವನ್ನು ಮುಂದೂಡುತ್ತಿದ್ದೆ.

ಕಳೆದ ಮಾಘದ ಒಂದು ರಾತ್ರಿ ನೆರೆಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಆರಂಭವಾಯಿತು. ಹುಬ್ಬಳ್ಳಿಯ ದಾರಿಯಲ್ಲಿ ಗಾಲಿ ಪಂಕ್ಚರಾಯಿತು. ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಮೆಣಸಿನಕಾಯಿ ಚೀಲಗಳು. ಜಾಕು ಎಲ್ಲಿದೆಯೋ ತಿಳಿಯದು. ಬ್ಯಾಟರಿಯ ಸೆಲ್ಲು ಸತ್ತಿತ್ತು. ಕಾಲು ತಾಸಿನ ಕೆಲಸಕ್ಕೆ ಮುಕ್ಕಾಲು ತಾಸು ಹಿಡಿಯಿತು. ದೇವರ ದಯೆಯಿಂದ ತಾಯಿಯೂ ಕೂಸೂ ಉಳಿದವು. ಆದರೆ ಕತ್ತಲೆಯಲ್ಲಿ ಕೇಳಿದ ಆ ನರಳಿಕೆಯನ್ನು ನಾನು ಮರೆತಿಲ್ಲ. ಅಪ್ಪ ನನ್ನನ್ನು ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಬಕೆಟ್ಟು ಹಿಡಿದು ಬಂದು, "ತಮ್ಮಾ, ಎತ್ತಿನ ಮೈ ತೊಳಿಯೂದು ಚಂದಕ್ಕಲ್ಲೊ. ತೊಳಿಯುವಾಗ ಕೈಗೆ ಗಾಯ ಸಿಗತೈತಿ, ಅದಕ್ಕ" ಎಂದಷ್ಟೇ ಹೇಳಿದರು.

ನನ್ನ ವಾದವೆಲ್ಲ ಆ ಮಾತಿನಲ್ಲಿಯೇ ಇದೆ. ತೊಳೆಯುವುದೆಂದರೆ ನೋಡುವುದು. ಟೈರಿನಲ್ಲಿ ನಾಟಿದ ಮೊಳೆ, ಕೆಳಗೆ ಸೋರಿದ ಎಣ್ಣೆ, ಮಂಕಾದ ದೀಪ ಇವು ತೊಳೆಯುವವನ ಕಣ್ಣಿಗೇ ಬೀಳುತ್ತವೆ. ನಮ್ಮ ಎರೆಮಣ್ಣಂತೂ ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ತೇವ ಹಿಡಿದಿಡುತ್ತದೆ; ಅಲ್ಲಿಂದಲೇ ತುಕ್ಕು ಆರಂಭ. ಬೇಸಿಗೆಯ ಧೂಳನ್ನು ಒಣಬಟ್ಟೆಯಿಂದ ತಿಕ್ಕಿದರೆ ಬಣ್ಣಕ್ಕೆ ಗೀರು ಬೀಳುತ್ತವೆ. ಮೊದಲು ನೀರು ಹಾಕಿ ಧೂಳನ್ನು ಇಳಿಸಬೇಕು. ಅದಕ್ಕೆ ಎರಡು ಬಕೆಟ್ಟು ಸಾಕು. ಹೆಣ್ಣುಮಕ್ಕಳು ಕೊಡ ಹಿಡಿದು ನಳದ ಮುಂದೆ ಕಾಯುವ ಊರಿನಲ್ಲಿ ಪೈಪು ಹಿಡಿದು ತಾಸುಗಟ್ಟಲೆ ತೊಳೆಯುವುದು ಶುಚಿತ್ವವಲ್ಲ, ಅವಿವೇಕ.

ಹೊರಗಿಗಿಂತ ಒಳಗು ಮುಖ್ಯ. ಸೀಟಿನ ಕೆಳಗಿನ ಬಾಟಲಿ ಉರುಳಿ ಬ್ರೇಕಿನ ಅಡಿಗೆ ಸಿಕ್ಕರೆ ಚಾಲಕನ ಜಾಣತನ ಉಪಯೋಗಕ್ಕೆ ಬಾರದು. ಚಾಲಕನ ಹತೋಟಿಗೆ ಅಡ್ಡಿಯಾಗುವಂತೆ ಯಾರನ್ನೂ ಕೂಡಿಸಬಾರದು, ಏನನ್ನೂ ಇಡಬಾರದು ಎಂದು 1988ರ ಮೋಟಾರು ವಾಹನ ಕಾಯಿದೆಯ 125ನೆಯ ಕಲಮು ಹೇಳುತ್ತದೆ. ಗಾಜಿನ ಮುಂದೆ ದೇವರ ಮೂರ್ತಿಗಳನ್ನು ಸಾಲಾಗಿ ನಿಲ್ಲಿಸಿ ದಾರಿಯನ್ನೇ ಮರೆಮಾಡುವ ಭಕ್ತರೂ ಇದನ್ನು ನೆನೆಯಬೇಕು. ಜಾಕು, ಬ್ಯಾಟರಿ, ಕಾಗದಪತ್ರ, ಔಷಧದ ಪೆಟ್ಟಿಗೆ ಇವಕ್ಕೆ ಒಂದೊಂದು ಜಾಗವಿರಲಿ. ಕತ್ತಲೆಯಲ್ಲಿಯೂ ಕೈಗೆ ಸಿಗಲಿ.

ಇನ್ನು ನಾಚಿಕೆಯ ಮಾತು. ಭೀಮಸೇನ ಜೋಶಿಯವರು 1936ರಲ್ಲಿ ಸವಾಯಿ ಗಂಧರ್ವರ ಬಳಿ ಸಂಗೀತ ಕಲಿಯಲು ನಮ್ಮ ಕುಂದಗೋಳಕ್ಕೆ ಬಂದರು. ಗುರುಗಳ ಮನೆಗೆ ನೀರು ಹೊತ್ತರು. ಮುಂದೆ ಕಾರಿನ ವಿಷಯದಲ್ಲಿ ಬಹಳ ಆಸ್ಥೆಯಿದ್ದ ಅವರು ದೂರದ ಊರುಗಳಿಗೂ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕೊಡ ಹೊತ್ತ ಹೆಗಲಿಗೆ ಭಾರತರತ್ನ ಬಂದಿರುವಾಗ ಬಕೆಟ್ಟು ಹಿಡಿದ ಕೈಗೆ ಪದವಿ ಬರಲು ಅಡ್ಡಿಯೇನು?

ಗೆಳೆಯರೇ, ನಾಳೆ ನಮ್ಮಲ್ಲಿ ಹಲವರು ಸಾಲ ಮಾಡಿಯಾದರೂ ಕಾರು ಕೊಳ್ಳುತ್ತೇವೆ. ತೊಳೆಯುವ ಕೆಲಸವನ್ನು ಯಾವುದೋ ಬಡ ಹುಡುಗನಿಗೆ ಒಪ್ಪಿಸಿ ದೂರ ನಿಲ್ಲದಿರೋಣ. ವಾರಕ್ಕೊಮ್ಮೆ ಅರ್ಧ ತಾಸು ನಮ್ಮ ಕೈಯಿಂದಲೇ ಅದರ ಮೈ ಮುಟ್ಟಿ ನೋಡೋಣ. ಮಹಾನವಮಿಯ ಪೂಜೆಗೆ ಆಗಲೇ ಅರ್ಥ ಬರುವುದು.