ಬಿರುಕು ಮುಚ್ಚುವ ಮುನ್ನ ನೀರು ನೋಡಿ

ಮಳೆಗಾಲ ಮುಗಿದೊಡನೆ ಗಾರೆ ಕೆಲಸದವರನ್ನು ಕರೆಸಿ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿಸುವುದು ನಮ್ಮ ಸದಸ್ಯ ಬಾಂಧವರಲ್ಲಿ ವಾಡಿಕೆಯಾಗಿಬಿಟ್ಟಿದೆ. ಮರುವರ್ಷ ಅದೇ ಜಾಗ ಮತ್ತೆ ಬಾಯಿ ಬಿಡುತ್ತದೆ. ಇದು ದುಡ್ಡಿಗೆ ದಂಡವೆಂಬುದೇ ನಮ್ಮ ಅಭಿಪ್ರಾಯ.

ಗಾರೆಯ ಮೇಲಷ್ಟೇ ಮೂಡಿದ ಕೂದಲೆಳೆಯ ಗೆರೆಗಳಿಗೆ ಹೆದರಬೇಕಾಗಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗಿ, ಒಂದು ತುದಿಯಲ್ಲಿ ಅಗಲವಾಗಿದ್ದರೆ ತಳಪಾಯ ಕುಸಿಯುತ್ತಿರುವ ಶಂಕೆ ಪಡಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀರೆಳೆದು ತಾರೀಖು ಬರೆಯಿರಿ. ನಡುವೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಕೂರಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಇಂಜಿನಿಯರರನ್ನು ಕರೆಸದೆ ವಿಧಿಯಿಲ್ಲ.

ಮೂಲ ಹುಡುಕಿದರೆ ಬಹುಮಟ್ಟಿಗೆ ಸಿಗುವುದು ನೀರೇ. ಬೇಲೂರು ಕಡೆ ಸೂರಿನ ನೀರು ನೇರವಾಗಿ ಗೋಡೆಯ ಬುಡಕ್ಕೆ ಬಿದ್ದು ಮಣ್ಣು ಮೆತ್ತಗಾಗುತ್ತದೆ. ಕಾಫಿ ಕಣವನ್ನು ಮನೆಯ ಕಡೆಗೇ ಇಳಿಜಾರು ಮಾಡಿಸಿಕೊಂಡ ಮಹನೀಯರೂ ಇದ್ದಾರೆ! ಅರಸೀಕೆರೆ ಕಡೆ ಎರೆಮಣ್ಣಿದ್ದಲ್ಲಿ ಕಥೆ ಬೇರೆ. ಆ ಮಣ್ಣು ನೀರುಂಡು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಗೋಡೆಯೂ ಅದರೊಡನೆ ಏರಿಳಿಯುತ್ತದೆ. ಅಂಥಲ್ಲಿ ಬಚ್ಚಲ ನೀರನ್ನು ಬುಡದಲ್ಲೇ ಇಂಗಲು ಬಿಡುವುದು ಅವಿವೇಕ.

ಹಳೇಬೀಡಿನಲ್ಲಿ 12ನೆಯ ಶತಮಾನದ ಹೊಯ್ಸಳೇಶ್ವರ ದೇವಾಲಯ ಕೆರೆಯ ಸನಿಹದಲ್ಲೇ ಎತ್ತರದ ಜಗತಿಯ ಮೇಲೆ ನಿಂತಿದೆ. ಅದನ್ನು ದಿನವೂ ನೋಡುವ ನಾವು ಅಂಗಳಕ್ಕಿಂತ ತಗ್ಗಿನಲ್ಲಿ ಮನೆಯ ನೆಲ ಹಾಕಿಸುತ್ತೇವೆ.

ಸೂರಿಗೆ ತಗಡಿನ ದೋಣಿ ಕಟ್ಟಿಸಿ. ಗೋಡೆಯ ಸುತ್ತ ಮೂರಡಿ ಅಗಲ ಹೊರಕ್ಕೆ ಇಳಿಜಾರಾಗಿ ಗಚ್ಚು ಹಾಕಿಸಿ, ಅದರಾಚೆ ಚರಂಡಿ ತೆಗೆಸಿ. ಒಂದು ಮಳೆಗಾಲ ಕಳೆದು ಗಾಜು ಒಡೆಯದೆ ಉಳಿದಿದ್ದರೆ ಆಗ ಗಾರೆಯವರಿಗೆ ಹೇಳಿ ಕಳುಹಿಸಿ.