ವೈರಿಯ ವೇಷಧಾರಿಗಳು

ನಾಟಕದ ಕಂಪನಿಯಲ್ಲಿ ಕೀಚಕನ ಪಾತ್ರವನ್ನು ಎಳೆಯ ನಟನಿಗೆ ವಹಿಸುವುದಿಲ್ಲ. ಭೀಮನ ಪೌರುಷ ಎದ್ದು ಕಾಣಬೇಕಾದರೆ ಕೀಚಕನೂ ಗಟ್ಟಿಗನಾಗಿರಬೇಕಷ್ಟೆ. ಅಮೆರಿಕದ ಸೇನಾನಾಯಕರಿಗೆ ಈ ಸತ್ಯ ಹೊಳೆದದ್ದು ವಿಯೆಟ್ನಾಮಿನ ಆಕಾಶದಲ್ಲಿ, ಅದೂ ಅನೇಕ ತರುಣರ ಪ್ರಾಣವನ್ನು ತೆತ್ತ ಮೇಲೆ.

ಅವರ ಫ್ಯಾಂಟಮ್ ಭಾರಿ ವಿಮಾನ. ವೇಗವೂ ಅಪಾರ, ಹಿಂದೆ ಕರಿಹೊಗೆಯ ಬಾಲವೂ ಉದ್ದ. ಎದುರಾದ ಮಿಗ್-೧೭ ಹಳೆಯದು, ಪುಟ್ಟದು. ಆದರೆ ಗಿರ್ರನೆ ತಿರುಗಿ ಬೆನ್ನಿಗೆ ಬೀಳಬಲ್ಲದು. ಫ್ಯಾಂಟಮ್ ಚಾಲಕನಾದರೋ ತರಬೇತಿಯಲ್ಲಿ ಕಾದಾಡಿದ್ದುದು ಇನ್ನೊಂದು ಫ್ಯಾಂಟಮಿನೊಡನೆಯೇ. ತನ್ನ ನೆರಳಿನೊಡನೆ ಕುಸ್ತಿ ಕಲಿತವನು ಕಣಕ್ಕಿಳಿದಂತಾಯಿತು.

ಮೊದಲು ಎಚ್ಚೆತ್ತದ್ದು ನೌಕಾದಳ. ೧೯೬೯ರಲ್ಲಿ ಕ್ಯಾಲಿಫೋರ್ನಿಯಾದ ಮಿರಮಾರಿನಲ್ಲಿ ‘ಟಾಪ್‌ಗನ್’ ಶಾಲೆ ತೆರೆಯಿತು. ಉಪಾಧ್ಯಾಯರು ಸ್ಕೈಹಾಕ್ ಎಂಬ ಸಣ್ಣ ವಿಮಾನವನ್ನೇರಿ ಮಿಗ್‌ನ ವೇಷ ತೊಟ್ಟರು. ೧೯೬೮ರವರೆಗೆ ತನ್ನದೊಂದು ವಿಮಾನ ಬಿದ್ದರೆ ವೈರಿಯವು ಎರಡೋ ಮೂರೋ ಬೀಳುತ್ತಿದ್ದವು. ಯುದ್ಧದ ಕೊನೆಯ ವರ್ಷಗಳಲ್ಲಿ ಅದು ಹನ್ನೆರಡಕ್ಕೇರಿತೆಂದು ನೌಕಾದಳದ ಲೆಕ್ಕ. ಯುದ್ಧದ ಲೆಕ್ಕಗಳನ್ನು ಅರ್ಧವೇ ನಂಬಿದರೂ ಪಾಠ ಸ್ಪಷ್ಟ.

ವಾಯುದಳವು ೧೯೭೨ರಲ್ಲಿ ನೆವಾಡಾದ ನೆಲ್ಲಿಸ್ ನೆಲೆಯಲ್ಲಿ ‘ಅಗ್ರೆಸರ್’ ದಳವನ್ನು ಕಟ್ಟಿತು. ಸೋವಿಯತ್ ಮಾದರಿಯ ಬಣ್ಣ, ಮೂತಿಯ ಮೇಲೆ ದೊಡ್ಡ ಅಂಕೆ, ಹಾರಾಟದ ಪಟ್ಟುಗಳೂ ಅಲ್ಲಿಯವೇ. ಮೊದಲ ಹತ್ತು ಕಾರ್ಯಾಚರಣೆಗಳನ್ನು ದಾಟಿದವನು ಬದುಕಿ ಬರುವ ಸಂಭವ ಹೆಚ್ಚೆಂಬುದು ಆಗಿನ ಅನುಭವ. ಆ ಹತ್ತನ್ನು ಮರುಭೂಮಿಯಲ್ಲೇ ದಾಟಿಸಲೆಂದು ೧೯೭೫ರಲ್ಲಿ ‘ರೆಡ್ ಫ್ಲಾಗ್’ ಅಭ್ಯಾಸ ಆರಂಭವಾಯಿತು.

ವೇಷಧಾರಿಯ ಕಷ್ಟವೇ ಬೇರೆ. ಅವನು ದಳದ ಪಳಗಿದ ಚಾಲಕ; ಗೆಲ್ಲುವುದು ಅವನಿಗೆ ಸುಲಭ. ಆದರೆ ತನ್ನ ಚಾತುರ್ಯವನ್ನೆಲ್ಲ ತೋರಿದರೆ ಶಿಷ್ಯನು ಕಲಿಯುವುದು ಸೋಲನ್ನು ಮಾತ್ರ. ಸೋವಿಯತ್ ಚಾಲಕನು ಮಾಡಬಹುದಾದಷ್ಟನ್ನೇ ಮಾಡಬೇಕು. ಶಿಷ್ಯನ ಪಟ್ಟು ಸರಿಯಾಗಿದ್ದರೆ ಮರುಮಾತಿಲ್ಲದೆ ಸೋಲಬೇಕು. ನೆಲಕ್ಕಿಳಿದ ಮೇಲೆ ಹಲಗೆಯೆದುರು ನಿಂತು, ಯಾವ ತಿರುವಿನಲ್ಲಿ ಯಾರು ತಪ್ಪಿದರೆಂಬುದನ್ನು ಹಿರಿಯ ಕಿರಿಯನೆಂಬ ಭೇದವಿಲ್ಲದೆ ಹೇಳಬೇಕು. ಗರ್ವಿಗಳ ಉದ್ಯೋಗವಲ್ಲ ಇದು.

ಇಷ್ಟಾದರೂ ಅದು ವೇಷವೇ. ನಿಜವಾದ ಮಿಗ್ ಕಣ್ಣೆದುರು ಬಂದಾಗ ಹೊಸಬನು ಕ್ಷಣಕಾಲ ಮರಗಟ್ಟುತ್ತಾನೆ. ಆ ಒಂದು ಕ್ಷಣವೇ ಸಾಕು, ಕಥೆ ಮುಗಿಯಲು. ಆದಕಾರಣ ೧೯೭೯ರಿಂದ ೧೯೮೮ರವರೆಗೆ ನೆವಾಡಾದ ಟೋನೋಪಾದಲ್ಲಿ ಒಂದು ಗುಪ್ತ ದಳವು ನಿಜವಾದ ಮಿಗ್‌ಗಳನ್ನೇ ಹಾರಿಸಿತು. ಬಿಡಿಭಾಗಗಳಿಗೆ ಅಂಗಡಿಯಿಲ್ಲ, ಎಷ್ಟನ್ನೋ ಮೆಕ್ಯಾನಿಕರೇ ತಯಾರಿಸಿಕೊಂಡರು. ಶಿಷ್ಯನಿಗೆ ಮೊದಲ ಪಾಠ ಕಾಳಗವಲ್ಲ, ನೋಟ: ಪಕ್ಕದಲ್ಲಿ ಹಾರುತ್ತ ವೈರಿಯ ವಿಮಾನವನ್ನು ಕಣ್ತುಂಬ ನೋಡುವುದು, ನೋಡಿ ನೋಡಿ ಭಯ ಕಳೆದುಕೊಳ್ಳುವುದು. ಹೀಗೆ ನೋಡಿ ಹೋದವರು ಐದು ಸಾವಿರಕ್ಕೂ ಹೆಚ್ಚು.

ಕಲಿಸಿದವರಲ್ಲಿ ಇಬ್ಬರು ಆ ಮಿಗ್‌ಗಳೊಡನೆಯೇ ನೆಲಕ್ಕೆ ಬಿದ್ದು ಮಡಿದರು, ಒಬ್ಬರು ೧೯೭೯ರಲ್ಲಿ, ಇನ್ನೊಬ್ಬರು ೧೯೮೨ರಲ್ಲಿ. ಅವರು ಹಾರಿಸುತ್ತಿದ್ದುದು ಏನನ್ನೆಂದು ಸರ್ಕಾರ ಬಹಿರಂಗವಾಗಿ ಒಪ್ಪಿಕೊಂಡದ್ದು ೨೦೦೬ರಲ್ಲಿ.